ಪವರ್ ವಿಂಡೋ ದುರಸ್ತಿಯ ಮಾತಿನಲ್ಲಿ ‘ಹಿಡಿ’: ಅರ್ಥ ಮತ್ತು ಬಳಕೆಯ ಬಗ್ಗೆ

ಮಾನ್ಯರೇ,

ಕಾರಿನ ಪವರ್ ವಿಂಡೋ (ಸ್ವಿಚ್ ಒತ್ತಿದರೆ ಮೋಟಾರಿನಿಂದ ಗ್ಲಾಸ್ ಏರಿ ಇಳಿಯುವ ಕಿಟಕಿ) ಕೆಟ್ಟಾಗ ದೋಷ ಎಲ್ಲಿದೆಯೆಂದು ಕಂಡುಹಿಡಿದು ಸರಿಪಡಿಸುವ ಕ್ರಮವನ್ನು ಐಟಿಐ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರುಗಳೇ ಕಷ್ಟವಾದಾವು ಎಂದುಕೊಂಡಿದ್ದೆ. ಆದರೆ ಬರೆಯಲು ಕುಳಿತಾಗ ನನ್ನನ್ನು ತಡೆದು ನಿಲ್ಲಿಸಿದ್ದು ಗ್ಯಾರೇಜಿನಲ್ಲಿ ದಿನವೂ ಕಿವಿಗೆ ಬೀಳುವ ‘ಹಿಡಿ’ ಎಂಬ ಪುಟ್ಟ ಧಾತು. ಅದನ್ನು ಬರಹದಲ್ಲಿ ಹೇಗೆ ಬಳಸಬೇಕೆಂಬ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಕಳೆದ ಮಳೆಗಾಲದಲ್ಲಿ ನನ್ನ ಕಾರಿನ ಎಡ ಮುಂಬಾಗಿಲಿನ ಗ್ಲಾಸ್ ಅರ್ಧಕ್ಕೆ ಇಳಿದು, ಒಂದು ಪಕ್ಕಕ್ಕೆ ವಾಲಿ ನಿಂತುಬಿಟ್ಟಿತು. ಹಿರಿಯ ಮೆಕ್ಯಾನಿಕ್ ಒಬ್ಬರು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಬಾಗಿಲಿನ ಒಳಮೈ ಹೊದಿಕೆಯಾದ ಡೋರ್ ಪ್ಯಾಡಿಗೆ ಕಿವಿಯಿಟ್ಟು, ಸ್ವಿಚ್ ಒತ್ತಲು ನನಗೆ ಹೇಳಿದರು. ಒಳಗಿನಿಂದ ಗುಂಯ್ ಎಂಬ ಸದ್ದೂ ಅದರ ನಡುವೆ ಏನೋ ಕಟಕಟನೆ ತಗಲುವ ಸದ್ದೂ ಬಂದವು. ‘ಮೋಟ್ರು ತಿರುಗ್ತಾ ಐತೆ ಸಾರ್, ಗ್ಲಾಸ್ ಹಿಡೀತಿಲ್ಲ’ ಎಂದರು. ಪ್ಯಾಡ್ ಬಿಚ್ಚಿ, ನೀರು ಒಳಗೆ ಬರದಂತೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ ನೋಡಿದರೆ, ಗ್ಲಾಸನ್ನು ಎಳೆಯುವ ಕೇಬಲ್ಲಿನ ಉಕ್ಕಿನ ಎಳೆಗಳು ಕಿತ್ತು, ಕೇಬಲ್ ಸುತ್ತಿಕೊಳ್ಳುವ ಡ್ರಮ್ಮಿನ ಸುತ್ತ ಗೋಜಲಾಗಿ ಸಿಕ್ಕಿಕೊಂಡಿದ್ದವು. ಅದೇ ದಿನ ಅವರು ಇನ್ನೊಂದು ಕಾರಿನ ಬಗ್ಗೆ ‘ಗ್ಲಾಸ್ ಹಿಡೀತಾ ಐತೆ’ ಎಂದರು, ಮತ್ತೊಂದರ ಬಗ್ಗೆ ‘ಮೋಟ್ರು ಹಿಡ್ಕೊಂಬಿಟ್ಟೈತೆ’ ಎಂದರು. ಮೂರೂ ಬೇರೆ ಬೇರೆ ದೋಷಗಳು. ಒಂದಕ್ಕೆ ಮಾಡುವ ರಿಪೇರಿ ಇನ್ನೊಂದಕ್ಕೆ ಒದಗುವುದಿಲ್ಲ.

‘ಹಿಡಿಯುತ್ತಿಲ್ಲ’ ಎಂಬುದರ ಅರ್ಥ ಬ್ರೇಕ್ ಹಿಡಿಯುತ್ತಿಲ್ಲ, ಕ್ಲಚ್ ಹಿಡಿಯುತ್ತಿಲ್ಲ ಎನ್ನುವಾಗಿನ ಅರ್ಥವೇ. ಒಂದು ಭಾಗದ ಬಲ ಮುಂದಿನ ಭಾಗಕ್ಕೆ ದಾಟುತ್ತಿಲ್ಲ. ಮೋಟಾರಿನಿಂದ ಗೇರಿಗೆ, ಗೇರಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಗ್ಲಾಸಿನ ಬುಡದ ಕ್ಲಿಪ್ಪಿಗೆ ಸಾಗಬೇಕಾದ ಸೆಳೆತ ನಡುವೆ ಎಲ್ಲೋ ಕಡಿದುಹೋಗಿದೆ. ಮೋಟಾರಿನ ಸದ್ದು ಕೇಳುತ್ತಿರುವಾಗ ಫ್ಯೂಸ್ ನೋಡುವುದು, ಸ್ವಿಚ್ ಬದಲಾಯಿಸುವುದು ವ್ಯರ್ಥ ಎಂಬ ತೀರ್ಮಾನ ಆ ಒಂದೇ ಕ್ರಿಯಾಪದದಲ್ಲಿ ಅಡಗಿದೆ.

‘ಹಿಡಿಯುತ್ತಿದೆ’ ಎಂದರೆ ಇದರ ವಿರುದ್ಧಾರ್ಥವಲ್ಲ ಎಂಬುದೇ ನನ್ನ ತೊಡಕಿನ ಮೂಲ. ವ್ಯಾಕರಣದ ಪ್ರಕಾರ ಒಂದು ನಿಷೇಧರೂಪ, ಇನ್ನೊಂದು ಅದರ ಸಕಾರಾತ್ಮಕ ರೂಪ. ಆದರೂ ಗ್ಯಾರೇಜಿನಲ್ಲಿ ಎರಡೂ ದೂರುಗಳೇ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿಯುತ್ತದೆ ಎನ್ನುತ್ತೇವಲ್ಲ, ಇದು ಆ ‘ಹಿಡಿ’. ಗ್ಲಾಸ್ ಜಾರುವ ರಬ್ಬರ್ ಬೀಡಿಂಗ್ ಒಣಗಿ, ಅದರ ಸಂದಿನಲ್ಲಿ ಧೂಳು ಕಟ್ಟಿ, ಗ್ಲಾಸ್ ತಡೆತಡೆದು ನಿಧಾನವಾಗಿ ಏರುತ್ತದೆ. ಬೀಡಿಂಗಿನ ಸಂದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕಾನ್ ಸ್ಪ್ರೇ ಹೊಡೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಗ್ರೀಸ್ ಅಥವಾ ಎಂಜಿನ್ ಆಯಿಲ್ ಹಚ್ಚುವವರಿದ್ದಾರೆ. ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಧೂಳನ್ನೂ ಅಂಟಿಸಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಮಿತಿಮೀರಿ ಬಿಸಿಯಾದಾಗ ಕರೆಂಟ್ ಕಡಿಯುವ ಏರ್ಪಾಡು ಅನೇಕ ಮೋಟಾರುಗಳ ಒಳಗೇ ಇರುವುದರಿಂದ, ಅದು ಸ್ವಲ್ಪ ಹೊತ್ತು ನಿಂತು, ತಣಿದ ಮೇಲೆ ಮತ್ತೆ ಓಡುತ್ತದೆ. ಕಾರಿನ ಮಾಲೀಕರು ಇದನ್ನು ವೈರಿಂಗ್ ದೋಷವೆಂದು ತಿಳಿಯುವುದು ಸಹಜ.

ಮೂರನೆಯದು ‘ಹಿಡಿದುಕೊಂಡಿದೆ’. ಸೊಂಟ ಹಿಡಿದುಕೊಂಡಿದೆ, ಕತ್ತು ಹಿಡಿದುಕೊಂಡಿದೆ ಎನ್ನುವ ಹಾಗೆ ಇಲ್ಲಿ ‘ಕೊಳ್ಳು’ ಸೇರಿ, ಕ್ರಿಯೆ ತನ್ನ ಮೇಲೆಯೇ ತಿರುಗುತ್ತದೆ. ನೀರು ಹೋಗಿ ತುಕ್ಕು ಹಿಡಿದ (ಇಲ್ಲಿಯೂ ಅದೇ ಧಾತು) ಮೋಟಾರು ತಿರುಗಲಾರದೆ ಬಿಗಿದುಕೊಂಡಿದೆ. ಸ್ವಿಚ್ ಒತ್ತಿದಾಗ ಕಾರಿನೊಳಗಿನ ದೀಪ ತುಸು ಮಂಕಾಗುತ್ತದೆ, ಅಂದರೆ ಕರೆಂಟ್ ತಲುಪುತ್ತಿದೆ, ಆದರೆ ಸದ್ದಿಲ್ಲ. ದೀಪವೂ ಮಂಕಾಗದೆ, ಬಾಗಿಲಿಗೆ ಅಂಗೈಯಿಂದ ತಟ್ಟಿದೊಡನೆ ಮೋಟಾರು ಓಡತೊಡಗಿದರೆ ಅದು ಹಿಡಿದುಕೊಂಡದ್ದಲ್ಲ; ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ‘ಹಿಡಿಯುತ್ತಿಲ್ಲ’.

ಬರಹಕ್ಕೆ ಇಳಿಸಿದಾಗ ಒಂದು ಅಪಾಯ ಎದುರಾಗುತ್ತದೆ. ಮೋಟಾರಿನೊಳಗಿನ ವರ್ಮ್ ಗೇರಿನ (ಸ್ಕ್ರೂವಿನಂಥ ಸುರುಳಿ ಹಲ್ಲಿನ ಗೇರು) ವಿಶೇಷವೇ ಗ್ಲಾಸನ್ನು ಹಿಡಿದುಕೊಳ್ಳುವುದು: ಮೋಟಾರು ಗ್ಲಾಸನ್ನು ಎಳೆಯಬಲ್ಲದು, ಗ್ಲಾಸನ್ನು ಕೈಯಿಂದ ಅದುಮಿ ಮೋಟಾರನ್ನು ತಿರುಗಿಸಲಾಗದು. ಹಾಗಾಗಿ ‘ಮೋಟಾರು ಗ್ಲಾಸನ್ನು ಹಿಡಿದುಕೊಂಡಿದೆ’ ಎಂದರೆ ಎಲ್ಲವೂ ನೆಟ್ಟಗಿದೆ ಎಂದರ್ಥ, ‘ಮೋಟಾರು ಹಿಡಿದುಕೊಂಡಿದೆ’ ಎಂದರೆ ಅದು ಕೆಟ್ಟಿದೆ ಎಂದರ್ಥ. ನಡುವಿನ ವ್ಯತ್ಯಾಸ ಒಂದು ಕರ್ಮಪದ ಮಾತ್ರ. ಮೋಟಾರನ್ನು ಬಿಚ್ಚುವಾಗ ಆ ಹಿಡಿತ ತಪ್ಪಿ ಗ್ಲಾಸ್ ಬಾಗಿಲಿನೊಳಗೆ ಬೀಳಬಹುದಾದ್ದರಿಂದ, ಮೊದಲೇ ಅದನ್ನು ಮೇಲಕ್ಕೆತ್ತಿ ಚೌಕಟ್ಟಿಗೆ ಟೇಪ್ ಅಂಟಿಸಿ ನಿಲ್ಲಿಸಬೇಕೆಂದು ಬರೆಯಬೇಕಾಗುತ್ತದೆ. ಅಂಥ ಎಚ್ಚರಿಕೆಯ ವಾಕ್ಯದಲ್ಲಿ ಓದುವವನಿಗೆ ಗೊಂದಲವಾದರೆ ಗ್ಲಾಸು ಒಡೆಯುತ್ತದೆ, ಬೆರಳಿಗೂ ಗಾಯವಾಗುತ್ತದೆ.

ಗೊಂದಲ ತಪ್ಪಿಸಲು ಮೊದಲ ಕರಡಿನಲ್ಲಿ ಮೂರು ಕಡೆಯೂ ‘ಕಾರ್ಯನಿರ್ವಹಿಸುತ್ತಿಲ್ಲ’ ಎಂದು ಬರೆದಿದ್ದೆ. ಅದು ತಪ್ಪಲ್ಲ, ಆದರೆ ಅದರಿಂದ ರಿಪೇರಿಗೆ ಏನೂ ತಿಳಿಯುವುದಿಲ್ಲ. ಫ್ಯೂಸ್ ಸುಟ್ಟಾಗಲೂ, ಬಾಗಿಲು ತೆರೆದು ಮುಚ್ಚಿ ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ವೈರು ತುಂಡಾದಾಗಲೂ ಅದನ್ನೇ ಹೇಳಬೇಕಾಗುತ್ತದೆ. ಅಂಥ ಕಡೆ ಮೆಕ್ಯಾನಿಕ್‌ಗಳು ‘ಹಿಡಿ’ಯನ್ನು ಬಳಸುವುದೇ ಇಲ್ಲ, ‘ಕರೆಂಟ್ ಬರುತ್ತಿಲ್ಲ’ ಎನ್ನುತ್ತಾರೆ. ಮೋಟಾರಿಗೆ ವೈರುಗಳನ್ನು ಜೋಡಿಸುವ ಕಪ್ಲರ್ ಕಳಚಿ, ಅದರ ಎರಡು ವೈರುಗಳ ನಡುವೆ ಮೀಟರ್ ಹಿಡಿದು ಸ್ವಿಚ್ ಒತ್ತಿದಾಗ 12 ವೋಲ್ಟಿನ ಆಸುಪಾಸು ಕಾಣಬೇಕು, ಸ್ವಿಚ್ಚನ್ನು ಇನ್ನೊಂದು ದಿಕ್ಕಿಗೆ ಒತ್ತಿದರೆ ಅದೇ ಅಂಕಿ ಋಣಚಿಹ್ನೆಯೊಡನೆ ಬರಬೇಕು. ಬರದಿದ್ದರೆ ದೋಷ ಮೋಟಾರಿನದಲ್ಲ. ಆಡುಮಾತು ಇಷ್ಟು ಚೊಕ್ಕವಾಗಿ ಬೇರ್ಪಡಿಸಿಟ್ಟಿರುವುದನ್ನು ಶಿಷ್ಟ ಬರಹ ಕಲಸಿಬಿಡುವುದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಪದದ ಪ್ರಶ್ನೆಯಿದೆ. ಗ್ಲಾಸನ್ನು ಏರಿಸಿ ಇಳಿಸುವ ಜೋಡಣೆಗೆ ಇಂಗ್ಲಿಷಿನಲ್ಲಿ ರೆಗ್ಯುಲೇಟರ್ ಎಂಬ ಹೆಸರಿದೆ. ಅದನ್ನು ‘ನಿಯಂತ್ರಕ’ ಎಂದರೆ ವಿದ್ಯಾರ್ಥಿ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಹುಡುಕುತ್ತಾನೆ, ‘ರೆಗ್ಯುಲೇಟರ್’ ಎಂದೇ ಬಿಟ್ಟರೆ ಫ್ಯಾನಿನದೋ ಗ್ಯಾಸ್ ಸಿಲಿಂಡರಿನದೋ ನೆನಪಾಗುತ್ತದೆ. ಅಂಗಡಿಯಲ್ಲಿ ‘ಗ್ಲಾಸ್ ಮಷೀನ್’ ಎಂದು ಕೇಳಿದರೆ ಕೊಡುತ್ತಾರೆ. ನನ್ನ ಮನಸ್ಸಿನಲ್ಲಿರುವುದು ‘ಏತ’. ಬಾವಿಯಿಂದ ನೀರೆತ್ತುವ ಸನ್ನೆಮರದ ಸಾಧನಕ್ಕೆ ಇದ್ದ ಈ ಹೆಸರು ‘ಏತ ನೀರಾವರಿ’ಯಲ್ಲಿ ಈಗಲೂ ಬಳಕೆಯಲ್ಲಿದೆ, ತೆಲುಗಿನಲ್ಲಿ ಏತಮು, ತಮಿಳಿನಲ್ಲಿ ಏತ್ತಂ ಎಂಬ ರೂಪಗಳಿವೆ. ಕತ್ತರಿಯಂತೆ ತೋಳುಗಳು ಮಡಚುವ ಹಳೆಯ ಮಾದರಿಯಲ್ಲಿ ಸನ್ನೆಯೇ ಕೆಲಸ ಮಾಡುವುದರಿಂದ ‘ಗ್ಲಾಸಿನ ಏತ’ ಎಂಬುದು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಕೇಬಲ್ ಮಾದರಿಯಲ್ಲಿ ಸನ್ನೆಯಿಲ್ಲ, ರಾಟೆಯ ಮೇಲೆ ಹಗ್ಗ ಓಡುತ್ತದೆ. ಅದು ಏತಕ್ಕಿಂತ ಎತ್ತುಗಳು ಹಗ್ಗ ಎಳೆಯುತ್ತಿದ್ದ ಕಪಿಲೆಗೆ ಹತ್ತಿರ. ಆದರೂ ‘ಏತ ನೀರಾವರಿ’ಯಲ್ಲಿ ಸನ್ನೆ ಹೋಗಿ ಪಂಪು ಬಂದ ಮೇಲೂ ಹೆಸರು ಉಳಿದಿರುವುದರಿಂದ, ಎರಡು ಮಾದರಿಗೂ ‘ಏತ’ ಸಲ್ಲುತ್ತದೆ ಎಂಬುದು ನನ್ನ ಎಣಿಕೆ.

ತಮ್ಮಲ್ಲಿ ಕೇಳಬೇಕಾದದ್ದು ಇಷ್ಟು. ನಾನು ಕೇಳಿದ್ದು ಬೆಂಗಳೂರು, ತುಮಕೂರಿನ ಕಡೆಯ ಮಾತು. ಧಾರವಾಡ, ಕಲಬುರಗಿ, ಕರಾವಳಿಯ ಗ್ಯಾರೇಜುಗಳಲ್ಲಿ ಈ ಮೂರು ದೋಷಗಳಿಗೂ ‘ಹಿಡಿ’ಯೇ ಬಳಕೆಯಲ್ಲಿದೆಯೇ, ಅಥವಾ ಕಚ್ಚು, ಸಿಗಿಬೀಳು, ಬಿಗಿ ಮುಂತಾದವು ಯಾವುದಾದರೊಂದರ ಜಾಗವನ್ನು ತುಂಬಿವೆಯೇ? ಪುಸ್ತಕದಲ್ಲಿ ‘ಗ್ಲಾಸ್ ಬೀಡಿಂಗಿಗೆ ಹಿಡಿಯುತ್ತಿದೆ’, ‘ಕೇಬಲ್ಲು ಗ್ಲಾಸನ್ನು ಹಿಡಿಯುತ್ತಿಲ್ಲ’ ಎಂದು ವಿಭಕ್ತಿಯೊಡನೆ ಬಿಡಿಸಿ ಬರೆದರೆ ಗೊಂದಲ ತೀರುತ್ತದೆಯೇ? ‘ಏತ’ ಎಂಬ ಮಾತನ್ನು ಇಪ್ಪತ್ತು ವರ್ಷದ ವಿದ್ಯಾರ್ಥಿ ಓದಿದಾಗ ಅವನ ಕಣ್ಣಿಗೆ ಏನು ಕಟ್ಟುತ್ತದೆ ಎಂಬುದನ್ನು, ಪಾಠ ಹೇಳುವವರು ಯಾರಾದರೂ ತಮ್ಮ ತರಗತಿಯಲ್ಲಿ ಕೇಳಿ ತಿಳಿಸಿದರೆ ತುಂಬ ಉಪಕಾರವಾಗುತ್ತದೆ.