ಒಂದು ಎಲೆನ ಹುಳ ತಿಂದ್ರೆ ಉಳಿದ ಎಲೆಗಳಿಗೆ ಗೊತ್ತಾಗುತ್ತಾ?

ಮಹಡಿತೋಟ: ಟೆರೇಸಲ್ಲಿ ಟೊಮೆಟೊ ಹಾಕಿದೀನಿ, ಕೆಳಗಿನ ಎಲೆಗಳನ್ನೆಲ್ಲ ಹಸಿರು ಹುಳ ಜರಡಿ ಮಾಡಿಟ್ಟಿದೆ. ಗಿಡಕ್ಕೆ ಅದು ಗೊತ್ತಾಗಿ ಮೇಲಿನ ಎಲೆಗಳಲ್ಲಿ ವಿಷ ರೆಡಿ ಮಾಡ್ಕೊಳ್ಳುತ್ತೆ ಅಂತಾನೆ ನನ್ ತಮ್ಮ. ನರ ಇಲ್ಲ ಮೆದುಳಿಲ್ಲ, ಸುದ್ದಿ ಹೋಗೋದು ಹೆಂಗೆ? ನಿಜಾನಾ ಇಲ್ಲ ವಾಟ್ಸಾಪ್ ವಿಜ್ಞಾನಾನಾ?

ಬೇರುಬಿಳಲು: ನಿಜ ಸರ್, ಅದೂ ಟೊಮೆಟೊ ಗಿಡದಲ್ಲೇ ಚೆನ್ನಾಗಿ ಸ್ಟಡಿ ಆಗಿರೋದು. 1972ರಲ್ಲಿ ಅಮೆರಿಕದ ಕ್ಲಾರೆನ್ಸ್ ರಯಾನ್ ಲ್ಯಾಬಿನವರು ನೋಡಿದ್ದು ಇದೇ, ಒಂದು ಎಲೆಗೆ ಗಾಯ ಆದ್ರೆ ಗಾಯ ಆಗದ ಎಲೆಗಳಲ್ಲೂ ಪ್ರೋಟಿಯೇಸ್ ಇನ್ಹಿಬಿಟರ್ ತುಂಬ್ಕೊಳ್ಳುತ್ತೆ. ವಿಷ ಅನ್ನೋಕ್ಕಾಗಲ್ಲ, ಹುಳದ ಹೊಟ್ಟೇಲಿ ಪ್ರೋಟೀನ್ ಅರಗಿಸೋ ಟ್ರಿಪ್ಸಿನ್ ಥರದ ಎಂಜೈಮಿಗೆ ಹೋಗಿ ಕಚ್ಕೊಂಡ್ಬಿಡುತ್ತೆ ಅಷ್ಟೆ, ಆಮೇಲೆ ಹುಳ ಎಷ್ಟು ತಿಂದ್ರೂ ಮೈಗೆ ಹತ್ತಲ್ಲ. ಸುದ್ದಿ ಒಯ್ಯೋದು ಸಿಸ್ಟೆಮಿನ್, ಬರೀ 18 ಅಮೈನೋ ಆಸಿಡ್‌ಗಳ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಂಡು), 1991ರಲ್ಲಿ ಸಿಕ್ತು.

ಕಸಿಕಟ್ಟು: ಕೊನೇ ಮಾತು ಒಪ್ಪಲ್ಲ. ಸಿಸ್ಟೆಮಿನ್ ಕೆಲಸ ಗಾಯದ ಹತ್ರಾನೇ ಜಾಸ್ತಿ. 2002ರಲ್ಲಿ ಮ್ಯುಟೆಂಟ್ (ಜೀನ್ ಕೆಟ್ಟಿರೋ) ಟೊಮೆಟೊಗಳನ್ನ ಕಸಿ ಕಟ್ಟಿ ನೋಡಿದ್ರು, ಜಾಸ್ಮೋನಿಕ್ ಆಸಿಡ್ (ಗಿಡದ ಒಂದು ಹಾರ್ಮೋನ್, ಇದನ್ನೂ ಇದರ ಬಳಗಾನೂ ಜಾಸ್ಮೋನೇಟ್ ಅಂತಾರೆ) ತಯಾರಾಗ್ಬೇಕಾಗಿರೋದು ಗಾಯ ಆದ ಕಡೆ, ಅದನ್ನ ಗುರುತಿಸೋ ಶಕ್ತಿ ಇರ್ಬೇಕಾಗಿರೋದು ದೂರದ ಎಲೇಲಿ. ಅಂದ್ರೆ ದೂರ ಹೋಗೋ ಸುದ್ದಿ ಜಾಸ್ಮೋನೇಟ್ ಕಡೆಯದು. ಮಾಮೂಲಿಯಾಗಿ ಡಿಫೆನ್ಸ್ ಜೀನ್‌ಗಳನ್ನ ಜ್ಯಾಜ್ ಅನ್ನೋ ಪ್ರೋಟೀನ್‌ಗಳು ಅದುಮಿಟ್ಟಿರ್ತವೆ, ಜಾಸ್ಮೋನೇಟ್ ಬಂದು ಸಿಒಐ1 ಅನ್ನೋ ರಿಸೆಪ್ಟರಿಗೆ ಕೂತ್ಕೊಂಡ್ರೆ ಆ ಜ್ಯಾಜನ್ನೇ ಜೀವಕೋಶ ಒಡೆದು ಹಾಕುತ್ತೆ, ಜೀನ್ ಆನ್.

ಎಲೆಮರೆ: ಅದಕ್ಕಿಂತ ಮುಂಚೆ ಕ್ಯಾಲ್ಸಿಯಂ ಅಲೆ ಬೇರೆ ಇದೆ. 2018ರಲ್ಲಿ ಟೊಯೊಟಾ, ಗಿಲ್ರಾಯ್ ಟೀಮು ಅರಾಬಿಡಾಪ್ಸಿಸ್ ಅನ್ನೋ ಲ್ಯಾಬ್ ಗಿಡಕ್ಕೆ ಕ್ಯಾಲ್ಸಿಯಂ ಏರಿದ ಕಡೆ ಹೊಳೆಯೋ ಪ್ರೋಟೀನ್ ಹಾಕಿ ವಿಡಿಯೋ ಮಾಡಿದ್ರು, ಹುಳ ಎಲೆ ಕತ್ತರಿಸಿದ ಜಾಗದಿಂದ ಬೆಳಕು ನಾಳದಲ್ಲಿ ಓಡ್ತಾ ಒಂದೆರಡು ನಿಮಿಷದೊಳಗೆ ಬೇರೆ ಎಲೆ ತಲುಪುತ್ತೆ. ಶುರು ಮಾಡೋದು ಗ್ಲುಟಮೇಟ್, ನಮ್ಮ ಮೆದುಳಲ್ಲಿ ನರಗಳ ಮಧ್ಯೆ ಓಡಾಡೋ ಅದೇ ಗ್ಲುಟಮೇಟ್!

ಮಹಡಿತೋಟ: ಹಂಗಾದ್ರೆ ಗಿಡಾನೇ ನೋಡ್ಕೊಳ್ಳುತ್ತೆ ಅಂತ ಸುಮ್ನಿರ್ಲಾ? ಇಲ್ಲಾಂದ್ರೆ ಜಾಸ್ಮೋನೇಟ್ ತಂದು ಸ್ಪ್ರೇ ಮಾಡ್ಲಾ?

ಬೇರುಬಿಳಲು: ಎರಡೂ ಬೇಡ. ಕಾಯಿ ಕೊರಕ ಹೆಲಿಕೋವರ್ಪಾ ಥರದ ಹುಳಗಳು ಇನ್ಹಿಬಿಟರ್ ಹಿಡಿಯೋಕಾಗದ ಬೇರೆ ಎಂಜೈಮ್ ಮಾಡ್ಕೊಂಡು ತಿಂತಾನೇ ಇರ್ತವೆ. ಜಾಸ್ಮೋನೇಟ್ ಜಾಸ್ತಿ ಆದ್ರೆ ಗಿಡದ ಬೆಳವಣಿಗೆನೇ ಕುಂಠಿತ ಆಗುತ್ತೆ. ಟೆರೇಸ್ ಗಿಡ ತಾನೇ, ಎಲೆ ತಿರುಗಿಸಿ ನೋಡಿ ಹುಳ ಕೈಯಲ್ಲೇ ಆರಿಸಿ ತೆಗೀರಿ.

ಕಸಿಕಟ್ಟು: ಮೊಟ್ಟೆ ಗುಂಪು ಕಂಡ್ರೆ ಆ ಎಲೇನೇ ಕಿತ್ತಾಕಿ.