ಟಿಎಸ್‌ಎಚ್ ಜಾಸ್ತಿ ಇದ್ರೆ ಥೈರಾಯ್ಡ್ ಕಮ್ಮಿ ಹೇಗೆ?

ರಾಜಾಜಿನಗರ: ಅಮ್ಮನಿಗೆ 58. ರಿಪೋರ್ಟಲ್ಲಿ ಟಿಎಸ್‌ಎಚ್ 14 ಬಂದಿದೆ. ಡಾಕ್ಟರು "ಥೈರಾಯ್ಡ್ ಕಮ್ಮಿ" ಅಂತ ಮಾತ್ರೆ ಬರೆದುಕೊಟ್ಟರು. "ನಂಬರ್ ಜಾಸ್ತಿ ಇದೆ, ಕಮ್ಮಿ ಅಂತಾರಲ್ಲ" ಅಂತ ಅಮ್ಮ ಮಾತ್ರೆ ಮುಟ್ಟುತ್ತಿಲ್ಲ. ಅನುಭವ ಇದ್ದವರು ಹೇಳಿ.

ಬಸವನಗುಡಿ: ನಮ್ಮತ್ತೆದೂ ಇದೇ ತಕರಾರು. ಟಿಎಸ್‌ಎಚ್ ಅಂದ್ರೆ ಥೈರಾಯ್ಡನ್ನ ಕೆಲಸಕ್ಕೆ ಹಚ್ಚೋ ಹಾರ್ಮೋನು. ಅದು ಹೊರಡೋದು ಥೈರಾಯ್ಡಿಂದ ಅಲ್ಲ, ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯಿಂದ. ಮಹಡಿ ಮೇಲಿನವರು ಕೆಳಗಿನವರಿಗೆ "ಮೋಟರ್ ಹಾಕ್ರೀ" ಅಂತ ಕೂಗ್ತಾರಲ್ಲ, ಹಾಗೆ. ಟ್ಯಾಂಕಿಗೆ ನೀರು ಏರದಿದ್ರೆ ಕೂಗು ಜೋರಾಗುತ್ತೆ. 14 ಅನ್ನೋದು ಕೂಗಿನ ಅಳತೆ, ನೀರಿನ (ಅಂದ್ರೆ ಥೈರಾಯ್ಡ್ ಹಾರ್ಮೋನಿನ) ಅಳತೆ ಅಲ್ಲ. ಮಾತ್ರೆ ಅಂದ್ರೆ ಟ್ಯಾಂಕರ್ ನೀರು. ಟ್ಯಾಂಕು ತುಂಬಿದ್ರೆ ಕೂಗು ತಾನಾಗೇ ಇಳಿಯುತ್ತೆ. ಇಷ್ಟು ಹೇಳಿದ ಮೇಲೆ ಅತ್ತೆ ಒಪ್ಪಿದರು. (ನಮ್ಮನೇಲಿ ಮೋಟರ್ ಹಾಕೋ ಡ್ಯೂಟಿ ಅವರದೇ.)

ಮಲ್ಲೇಶ್ವರ: ಮಾತ್ರೆ ದೊಡ್ಡದಲ್ಲ ರೀ, ಕಾಫಿದೇ ಕಷ್ಟ. ನಾನು ಮಾತ್ರೆ ನುಂಗಿದ ಬೆನ್ನಿಗೇ ಫಿಲ್ಟರ್ ಕಾಫಿ ಕುಡೀತಿದ್ದೆ. ಮೂರು ತಿಂಗಳಾದರೂ ಟಿಎಸ್‌ಎಚ್ ಇಳೀಲಿಲ್ಲ, ಡೋಸ್ ಏರಿಸಿದರು. ಕೊನೆಗೆ ಔಷಧಿ ಅಂಗಡಿಯವರೇ ಕೇಳಿದ್ದು, "ಕಾಫಿ ಯಾವಾಗ ಸಾರ್?" ಕಾಫಿ ಜೊತೆ ಹೋದರೆ ಕರುಳು ಮಾತ್ರೆಯನ್ನ ಸರಿಯಾಗಿ ಹೀರೋದಿಲ್ಲ. ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಾದರೆ ನಾಲ್ಕು ಗಂಟೆ. ಈಗ ಮಾತ್ರೆ ನುಂಗಿ ಸ್ಯಾಂಕಿ ಕೆರೆ ಸುತ್ತಿ ಬರ್ತೀನಿ. ಬರೋ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತೆ.

ವಿಜಯನಗರ: ಪಿಯುಸಿಗೆ ಬಯಾಲಜಿ ಪಾಠ ಮಾಡ್ತೀನಿ. ಮೋಟರ್ ಹೋಲಿಕೆ ಕ್ಲಾಸಿಗೆ ಕದೀತೀನಿ! ಅಮ್ಮನಿಗೆ ಇದನ್ನೂ ಹೇಳಿ, ಇಲ್ಲಾಂದ್ರೆ ಹತ್ತೇ ದಿನಕ್ಕೆ "ಏನೂ ಗುಣ ಕಾಣಲಿಲ್ಲ" ಅಂತಾರೆ. ಅಡ್ರಿನಲಿನ್ ಜೀವಕೋಶದ ಹೊರಗೋಡೆಯ ಗ್ರಾಹಕಕ್ಕೇ (ಹಾರ್ಮೋನನ್ನ ಹಿಡಿಯೋ ರಿಸೆಪ್ಟರ್) ಅಂಟಿಕೊಳ್ಳುತ್ತೆ, ಅದಕ್ಕೇ ನಾಯಿ ಅಟ್ಟಿಸಿಕೊಂಡು ಬಂದ ಕೂಡಲೇ ಎದೆ ಢವಢವ. ಥೈರಾಯ್ಡ್ ಹಾರ್ಮೋನು ಹಾಗಲ್ಲ. ಮಾತ್ರೇಲಿರೋದು ಟಿ4 ಅನ್ನೋ ಥೈರಾಯ್ಡ್ ಹಾರ್ಮೋನು. ಅದು ಒಂದು ಅಯೋಡಿನ್ ಕಳಚಿಕೊಂಡು ಟಿ3 ಆಗಿ, ಕೋಶಕೇಂದ್ರದೊಳಗಿನ ಗ್ರಾಹಕಕ್ಕೆ ಕೂತು, ಯಾವ ಪ್ರೋಟೀನು ಎಷ್ಟು ತಯಾರಾಗಬೇಕು ಅನ್ನೋದನ್ನೇ ಬದಲಿಸುತ್ತೆ. ನಿಧಾನದ ಕೆಲಸ. ಜೊತೆಗೆ ರಕ್ತದಲ್ಲಿ ಟಿ4 ಅರ್ಧಕ್ಕಿಳಿಯೋಕೇ ಸುಮಾರು 7 ದಿನ ಬೇಕು, ಮಟ್ಟ ಒಂದು ಹದಕ್ಕೆ ಬರೋಕೆ ವಾರಗಳೇ ಹಿಡಿಯುತ್ತೆ. ಮತ್ತೆ ಟೆಸ್ಟು 6-8 ವಾರ ಬಿಟ್ಟು. ಮುಂಚೆ ಲ್ಯಾಬಿಗೆ ಓಡಿದರೆ ದುಡ್ಡು ದಂಡ.

ಜಯನಗರ: ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೋತಿದ್ದರೆ ಟೆಸ್ಟಿಗೆ ಮುಂಚೆ ಡಾಕ್ಟರಿಗೆ ಹೇಳಿಬಿಡಿ. ಕೆಲವು ಲ್ಯಾಬ್ ವಿಧಾನಗಳಲ್ಲಿ ನಂಬರ್ ತಪ್ಪು ಬರುತ್ತೆ. ನನಗೆ ಹಾಗೇ ಆಗಿತ್ತು.

ರಾಜಾಜಿನಗರ: ಎಲ್ಲರಿಗೂ ಥ್ಯಾಂಕ್ಸ್. ಮೋಟರ್ ಕಥೆ ಹೇಳಿದೆ, ಅಮ್ಮ ಮಾತ್ರೆಗೆ ಒಪ್ಪಿದರು. "ಕಾಫಿಗೆ ಅರ್ಧ ಗಂಟೆನೋ ಒಂದು ಗಂಟೆನೋ, ಡಾಕ್ಟರ ಹತ್ರ ಸರಿಯಾಗಿ ಕೇಳು" ಅಂತ ಬೆಳಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದಾರೆ.