ಪದಚರ್ಚೆ: 'ಸರ್ಕ್ಯುಲರ್' ಅನ್ನುವುದಕ್ಕೆಲ್ಲ 'ಚಕ್ರೀಯ' ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಫಂಕ್ಷನಲ್ ಪ್ರೋಗ್ರಾಮಿಂಗ್ (ಕಟ್ಟಿದ್ದನ್ನು ಆದಷ್ಟೂ ಬದಲಿಸದೆ, ಫಂಕ್ಷನ್‌ಗಳಿಂದಲೇ ಪ್ರೋಗ್ರಾಮ್ ಕಟ್ಟುವ ರೀತಿ) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. 'ಸರ್ಕ್ಯುಲರ್ ಡಿಪೆಂಡೆನ್ಸಿ', 'ಸರ್ಕ್ಯುಲರ್ ರೆಫರೆನ್ಸ್' ಎಂಬ ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು. 'ಚಕ್ರೀಯ ಅವಲಂಬನೆ', 'ಚಕ್ರೀಯ ಉಲ್ಲೇಖ' ಎಂದು ಬರೆದು ಮುಂದೆ ಹೋಗಬಹುದು. ಆದರೆ ಆಗ ಎರಡೂ ಒಂದೇ ಜಾತಿಯ ತಪ್ಪು ಅನ್ನಿಸಿಬಿಡುತ್ತದೆ. ಮೊದಲನೆಯದು, ಅಂದರೆ ಫೈಲುಗಳು ಒಂದನ್ನೊಂದು ನೆಚ್ಚಿ ಸುತ್ತುವುದು, ತಪ್ಪಿಸಬೇಕಾದದ್ದು. ಎರಡನೆಯದನ್ನು, ಅಂದರೆ ದಾಖಲೆಗಳು ಒಂದನ್ನೊಂದು ತೋರಿಸುವುದನ್ನು, ಎಷ್ಟೋ ಸಲ ಬೇಕೆಂದೇ ಮಾಡುತ್ತೇವೆ.

ಓಕ್ಯಾಮಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಒಂದು ಫೈಲು ಇನ್ನೊಂದನ್ನು ಬಳಸಿ, ಅದು ತಿರುಗಿ ಮೊದಲನೆಯದನ್ನೇ ಬಳಸಿದರೆ ಬಿಲ್ಡ್ ಆಗುವುದಿಲ್ಲ. ಎರಡಕ್ಕೂ ಬೇಕಾದ ಭಾಗವನ್ನು ಮೂರನೇ ಫೈಲಿಗೆ ತೆಗೆದಿಡುವುದು ರೂಢಿ. ಇದು ಡಿಪೆಂಡೆನ್ಸಿಯ ಮಾತು.

ರೆಫರೆನ್ಸ್ ವಿಷಯ ಬೇರೆ. ಇಲಾಖೆಯ ದಾಖಲೆಯಲ್ಲಿ ನೌಕರರ ಪಟ್ಟಿ ಇದೆ, ನೌಕರನ ದಾಖಲೆಯಲ್ಲಿ ಅವನ ಇಲಾಖೆ ಇದೆ ಅಂದುಕೊಳ್ಳಿ. ಜಾವಾದಲ್ಲಾದರೆ ಒಂದನ್ನು ಖಾಲಿ ಬಿಟ್ಟು ಕಟ್ಟಿ, ಆಮೇಲೆ ತುಂಬಬಹುದು. ಕಟ್ಟಿದ್ದನ್ನು ಮತ್ತೆ ಮುಟ್ಟಬಾರದು ಅನ್ನುವ ಭಾಷೆಯಲ್ಲಿ ಆ 'ಆಮೇಲೆ' ಎಲ್ಲಿಂದ ಬರಬೇಕು? ಅಂಥ ಭಾಷೆಯಾದ ಹ್ಯಾಸ್ಕೆಲ್‌ನಲ್ಲಿ ಎರಡನ್ನೂ ಒಟ್ಟಿಗೇ ಬರೆಯುತ್ತಾರೆ:

ಅರಣ್ಯ = ಇಲಾಖೆ "ಅರಣ್ಯ" [ರಂಗ]
ರಂಗ = ನೌಕರ "ರಂಗ" ಅರಣ್ಯ

ಕೇಳುವ ತನಕ ಹ್ಯಾಸ್ಕೆಲ್ ಯಾವ ಹೆಸರಿನ ಬೆಲೆಯನ್ನೂ (ವ್ಯಾಲ್ಯೂ) ಲೆಕ್ಕ ಹಾಕುವುದಿಲ್ಲ. ಹಾಗಾಗಿ ಯಾವುದು ಮೊದಲು ಎಂಬ ಜಗಳವೇ ಇಲ್ಲ. ಇದಕ್ಕೆ 'ಟೈಯಿಂಗ್ ದ ನಾಟ್' ಅನ್ನುತ್ತಾರೆ. ಗಣಕವಿಜ್ಞಾನಿ ರಿಚರ್ಡ್ ಬರ್ಡ್ 1984ರಲ್ಲಿ ಇದೇ ಬಗೆಯ ಜಾಣತನ ತೋರಿಸಿದರು. ಮರದಂತೆ ಕವಲೊಡೆದ ಮಾಹಿತಿಯ ಎಲೆಗಳಲ್ಲಿರುವ ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನು ಹುಡುಕುವುದು, ಎಲ್ಲ ಎಲೆಗಳಲ್ಲೂ ಅದನ್ನೇ ಇಡುವುದು, ಎರಡೂ ಒಂದೇ ಸುತ್ತಿನಲ್ಲಿ! ಇಂಥವನ್ನು ಅವರು 'ಸರ್ಕ್ಯುಲರ್ ಪ್ರೋಗ್ರಾಮ್' ಎಂದೇ ಕರೆದರು. ಅಲ್ಲಿ ಆ ಪದ ಬೈಗುಳವಾಗಿರಲಿಲ್ಲ.

ಈ ಕಟ್ಟುವಿಕೆಗೂ ತೊಡಕಿದೆ. ರಂಗನ ಹೆಸರು ತಿದ್ದಿದ ಹೊಸ ದಾಖಲೆ ಮಾಡಿದರೆ, ಇಲಾಖೆ ಇನ್ನೂ ಹಳೆಯ ರಂಗನನ್ನೇ ತೋರಿಸುತ್ತಿರುತ್ತದೆ. ಇಡೀ ಸುತ್ತನ್ನು ಹೊಸದಾಗಿ ಕಟ್ಟಬೇಕು. ಅದಕ್ಕೇ ಆಗಾಗ ಬದಲಾಗುವ ಮಾಹಿತಿಯಾದರೆ ದಾಖಲೆಯಲ್ಲಿ ಬರೀ ನಂಬರು ಇಟ್ಟು, ಬೇಕಾದಾಗ ಪಟ್ಟಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ನಾನಾದರೂ ಅದನ್ನೇ ಮಾಡುತ್ತೇನೆ.

ಈಗ ಪದಗಳಿಗೆ ಬರುತ್ತೇನೆ. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಹಳೆಯ ಪದಗಳಿವೆ. ತನ್ನನ್ನೇ ನೆಚ್ಚಿದರೆ ಆತ್ಮಾಶ್ರಯ, ಎರಡು ಒಂದನ್ನೊಂದು ನೆಚ್ಚಿದರೆ ಅನ್ಯೋನ್ಯಾಶ್ರಯ, ಮೂರು ಅಥವಾ ಜಾಸ್ತಿ ಸೇರಿ ಸುತ್ತಿದರೆ ಚಕ್ರಕ. ಎಷ್ಟು ಅಚ್ಚುಕಟ್ಟು, ಅಲ್ವಾ? ಫೈಲುಗಳ ಗೋಜಲಿಗೆ ಇವು ಹಾಗೇ ಒಗ್ಗುತ್ತವೆ. ಆದರೆ ಇವೆಲ್ಲ ದೋಷದ ಹೆಸರುಗಳು. 'ಒಂದುಗಳು = 1 : ಒಂದುಗಳು' (':' ಅಂದರೆ ಪಟ್ಟಿಯ ಮುಂದೆ ಸೇರಿಸು) ಎಂದರೆ ಹ್ಯಾಸ್ಕೆಲ್ ಕೊನೆಯಿಲ್ಲದ ಪಟ್ಟಿ ಕೊಡುತ್ತದೆ. 'ಕ = ಕ + 1' ಎಂದರೆ ಉತ್ತರವೇ ಹುಟ್ಟುವುದಿಲ್ಲ. ಎರಡೂ ಆತ್ಮಾಶ್ರಯವೇ. ಪಟ್ಟಿಯಲ್ಲಿ ಮೊದಲ 1 ಕೈಗೆ ಸಿಕ್ಕ ಮೇಲೆ ಉಳಿದದ್ದನ್ನು ಕೇಳುತ್ತೇವೆ, ಕೂಡಿಸುವಾಗ ಏನೂ ಸಿಗುವ ಮೊದಲೇ ಕೇಳುತ್ತೇವೆ. ಈ ವ್ಯತ್ಯಾಸವನ್ನು ಹಳೆಯ ಪದ ಹಿಡಿಯುವುದಿಲ್ಲ.

ವ್ಯಾಕರಣದವರ ಹತ್ತಿರ ಮಾತ್ರ ಒಂದು ಒಳ್ಳೆಯ ಪದ ಸಿಕ್ಕಿತು. ಪಾಣಿನಿಯ ಸೂತ್ರಗಳಲ್ಲಿ ಅನ್ಯೋನ್ಯಾಶ್ರಯ ಬಂತು ಎಂಬ ಆಕ್ಷೇಪಕ್ಕೆ ಪತಂಜಲಿ ಮಹಾಭಾಷ್ಯದಲ್ಲಿ ಒಬ್ಬ ನೇಕಾರನ ಉದಾಹರಣೆ ಕೊಡುತ್ತಾನೆ. 'ಈ ನೂಲಿನಿಂದ ಶಾಟಕ ನೇಯಿ' ಎಂದು ಯಾರೋ ಹೇಳುತ್ತಾರೆ. ಶಾಟಕ ಅಂದರೆ ಉಡುವ ಬಟ್ಟೆ. ಅದು ಆಗಲೇ ಶಾಟಕವಾಗಿದ್ದರೆ ನೇಯಬೇಕಾಗಿಲ್ಲ, ಇನ್ನೂ ನೇಯಬೇಕಿದ್ದರೆ ಅದು ಶಾಟಕವಲ್ಲ. ನೇಕಾರ ಗೊಂದಲಕ್ಕೆ ಬೀಳುವುದಿಲ್ಲ. ನೇಯ್ದ ಮೇಲೆ ಯಾವುದಕ್ಕೆ ಆ ಹೆಸರು ಸಲ್ಲುತ್ತದೋ ಅದನ್ನು ನೇಯಬೇಕು ಎಂದು ತಿಳಿಯುತ್ತಾನೆ. ಇದನ್ನು ಭಾವಿನೀ ಸಂಜ್ಞೆ ಅನ್ನುತ್ತಾರೆ. ಮುಂದೆ ಬರಲಿರುವುದಕ್ಕೆ ಈಗಲೇ ಇಟ್ಟ ಹೆಸರು. ಕ್ಲೋಜರ್ ಎಂಬ ಭಾಷೆಯ 'ಡಿಕ್ಲೇರ್' ಮಾಡುವುದು ಇದನ್ನೇ. 'ಮುಂಗಡ ಹೆಸರು' ಅಂದರೆ ಎಲ್ಲರಿಗೂ ತಿಳಿಯುತ್ತದೆ ಅನ್ನಿಸುತ್ತದೆ.

ರೆಫರೆನ್ಸಿಗೆ 'ಉಲ್ಲೇಖ' ನನಗೆ ಒಪ್ಪಿಗೆಯಿಲ್ಲ. ಉಲ್ಲೇಖ ಅಂದರೆ ಪ್ರಸ್ತಾಪ. ಇಲ್ಲಿರುವುದು ಕೊಂಡಿ. ಆದ್ದರಿಂದ ಬೇಕೆಂದೇ ಕಟ್ಟಿದ ಸುತ್ತಿಗೆ 'ಸುತ್ತುಕೊಂಡಿ' ಎಂದು ಬರೆಯುತ್ತಿದ್ದೇನೆ. ಫೈಲುಗಳ ತಪ್ಪಿಗೆ 'ಅನ್ಯೋನ್ಯಾಶ್ರಯ' ಇರಲಿ.

'ಟೈಯಿಂಗ್ ದ ನಾಟ್' ಇನ್ನೂ ಕೂತಿಲ್ಲ. 'ಗಂಟು ಹಾಕು' ಅಂದರೆ ಮದುವೆ ನೆನಪಾಗುತ್ತದೆ, ಇಲ್ಲವೇ ಸಿಟ್ಟಿನ ಮುಖ. 'ಕುಣಿಕೆ'ಗೆ ನೇಣಿನ ನೆರಳಿದೆ. ಬಲೆ, ಬುಟ್ಟಿ, ಹಾರ ಕಟ್ಟುವವರು ಕೊನೆಯ ತುದಿಯನ್ನು ಮೊದಲಿನದಕ್ಕೆ ತಂದು ಸೇರಿಸುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಗೊತ್ತಿದ್ದವರು ಊರಿನ ಹೆಸರಿನ ಸಮೇತ ತಿಳಿಸಿ.